ಮೈಸೂರಿಗೆ ಹೋಗುವಾಗ ಎಲ್ಲಿ ನಿಲ್ಲಿಸಬೇಕು?

ತಾಯಿಯ ಮನೆ ಮೈಸೂರಿನಲ್ಲಿರುವುದರಿಂದ ತಿಂಗಳಿಗೆ ಎರಡು ಸಲವಾದರೂ ಬೆಂಗಳೂರಿನಿಂದ ಅಲ್ಲಿಗೆ ಕಾರು ಓಡಿಸುತ್ತೇನೆ. ಇದು ಗೊತ್ತಿರುವವರೆಲ್ಲ ಶುಕ್ರವಾರ ಸಂಜೆ ತಪ್ಪದೆ ಕೇಳುತ್ತಾರೆ: "ದಾರಿಯಲ್ಲಿ ಎಲ್ಲಿ ನಿಲ್ಲಿಸಿದರೆ ಒಳ್ಳೆಯದು?" ಕೇಳುವವರ ಮನಸ್ಸಿನಲ್ಲಿ ಇರುವುದು ಬಹುಮಟ್ಟಿಗೆ ತಿಂಡಿ.

ಮೊದಲು ಹೊಸ ರಸ್ತೆಯಿಂದ ಇಳಿಯಿರಿ ಎನ್ನುತ್ತೇನೆ. 2023ರ ಮಾರ್ಚ್‌ನಲ್ಲಿ ಉದ್ಘಾಟನೆಯಾದ ದಶಪಥ ಹೆದ್ದಾರಿ ಬಿಡದಿಯಿಂದ ಶ್ರೀರಂಗಪಟ್ಟಣದವರೆಗೆ ಊರುಗಳನ್ನೆಲ್ಲ ಹೊರಗಿಟ್ಟು ಸುತ್ತಿಕೊಂಡು ಹೋಗುತ್ತದೆ. ನಾನು ಹೇಳುವ ಜಾಗಗಳೆಲ್ಲ ಹಳೆಯ ರಸ್ತೆಯ ಮೇಲೋ ಅದರ ಆಸುಪಾಸಿನಲ್ಲೋ ಇವೆ. ಇನ್ನೊಂದು ಮಾತು, ಎಲ್ಲವನ್ನೂ ಒಂದೇ ದಿನ ನೋಡಲು ಹೋಗಬೇಡಿ. ಹೋಗುವಾಗ ಒಂದು, ಬರುವಾಗ ಒಂದು, ಸಾಕು.

ಬಿಡದಿಯ ತಟ್ಟೆ ಇಡ್ಲಿಯನ್ನು ಬೆಳಿಗ್ಗೆ ಎಂಟರೊಳಗೆ ಸಿಕ್ಕರೆ ತಿನ್ನಿ. ಹತ್ತರ ಮೇಲೆ ಸಾಲಿನಲ್ಲಿ ನಿಂತು ಕಾಯುವಷ್ಟು ದೊಡ್ಡ ಸಂಗತಿಯೇನೂ ಅದಲ್ಲ. ಬಿಡದಿಯವರು ಬೈದರೆ ಬೈಯಲಿ.

ರಾಮನಗರ ದಾಟಿದೊಡನೆ ಸಿಗುವ ಜಾನಪದ ಲೋಕವನ್ನು ಹೆಚ್ಚಿನವರು ಶಾಲೆಯ ಪ್ರವಾಸದಲ್ಲಿ ಒಮ್ಮೆ ನೋಡಿ ಮರೆತಿರುತ್ತಾರೆ. ಐಎಎಸ್ ಅಧಿಕಾರಿಯಾಗಿದ್ದ ಎಚ್.ಎಲ್. ನಾಗೇಗೌಡರು ಕಟ್ಟಿದ ಜಾನಪದ ವಸ್ತುಸಂಗ್ರಹಾಲಯ ಅದು. ವಯಸ್ಸಾದವರು ಜೊತೆಗಿದ್ದಾಗ ಹೋಗಿ. ನನ್ನ ತಾಯಿ ಅಲ್ಲಿ ಫಲಕಗಳನ್ನು ಓದುವ ಗೋಜಿಗೇ ಹೋಗಲಿಲ್ಲ. ಕೊಳಗ, ಬಳ್ಳ, ಸೇರು, ಪಾವು ಎಂದು ತಾನೇ ಹೆಸರು ಹೇಳುತ್ತಾ, ಯಾವುದರಲ್ಲಿ ಯಾರ ಮನೆಯ ರಾಗಿ ಅಳೆದಿದ್ದೆವು ಎಂಬ ಲೆಕ್ಕವನ್ನೂ ಒಪ್ಪಿಸಿದರು. ಅರ್ಧ ಗಂಟೆ ಎಂದುಕೊಂಡು ಹೋದವರು ಎರಡು ಗಂಟೆ ಕಳೆದೆವು.

ಚನ್ನಪಟ್ಟಣದಲ್ಲಿ ಬೊಂಬೆ ಕೊಳ್ಳುವ ಮುಂಚೆ ಅದನ್ನು ಮಾಡುವುದನ್ನು ನೋಡಿ. ಹಾಲೆ ಮರದ ತುಂಡು, ಅಲ್ಲಿಯವರ ಬಾಯಲ್ಲಿ ಆಲೆ ಮರ, ಲೇತಿನಲ್ಲಿ ಗಿರ್ರನೆ ತಿರುಗುತ್ತಿರುತ್ತದೆ. ಬಣ್ಣ ಬೆರೆಸಿದ ಅರಗಿನ ಕಡ್ಡಿಯನ್ನು ಅದಕ್ಕೆ ಒತ್ತಿ ಹಿಡಿದರೆ ಉಜ್ಜಿದ ಕಾವಿಗೇ ಅರಗು ಕರಗಿ ಮರಕ್ಕೆ ಮೆತ್ತಿಕೊಳ್ಳುತ್ತದೆ. ಕುಂಚವೂ ಬೇಡ, ಒಣಗಿಸುವುದೂ ಬೇಡ. ಆಮೇಲೆ ತಾಳೆಗರಿಯಿಂದ ತಿಕ್ಕಿದರೆ ಹೊಳಪು. ಇದನ್ನು ಕಣ್ಣಾರೆ ಕಂಡವರಿಗೆ ಬೆಲೆಯಲ್ಲಿ ಚೌಕಾಸಿ ಮಾಡಲು ಬಾಯಿ ಬರುವುದಿಲ್ಲ.

ನನ್ನ ಪಟ್ಟಿಯಲ್ಲಿ ಮೊದಲ ಸ್ಥಾನ ಮಾತ್ರ ಕೊಕ್ಕರೆ ಬೆಳ್ಳೂರಿಗೆ. ಮದ್ದೂರಿಗೆ ಮುಂಚೆ ರುದ್ರಾಕ್ಷಿಪುರದಲ್ಲಿ ಎಡಕ್ಕೆ ತಿರುಗಿ ಹತ್ತು ಹನ್ನೆರಡು ಕಿಲೊಮೀಟರ್ ಹೋಗಬೇಕು. ಅಲ್ಲಿ ಬೇಲಿ ಹಾಕಿದ ಕೆರೆಯಿಲ್ಲ, ದೋಣಿಯಿಲ್ಲ. ಊರ ನಡುವಿನ ಹುಣಸೆ ಮರಗಳಲ್ಲಿ, ಮನೆಯ ಹೆಂಚಿನ ನೇರಕ್ಕೇ, ಹೆಜ್ಜಾರ್ಲೆಗಳೂ (ಪೆಲಿಕನ್ ಹಕ್ಕಿಗಳು) ಬಣ್ಣದ ಕೊಕ್ಕರೆಗಳೂ ಗೂಡು ಕಟ್ಟುತ್ತವೆ. ಕೆಳಗೆ ಹಸು ಕಟ್ಟಿರುತ್ತಾರೆ, ಮಕ್ಕಳು ಆಡುತ್ತಿರುತ್ತಾರೆ. ಹಿಕ್ಕೆ ಗದ್ದೆಗೆ ಗೊಬ್ಬರವಾಗುತ್ತದೆ. ಗೂಡಿನಿಂದ ಬಿದ್ದ ಮರಿಗಳನ್ನು ಸಾಕಿ ಬಿಡಲು ಊರಿನವರದೇ ಹೆಜ್ಜಾರ್ಲೆ ಬಳಗವಿದೆ. 2007ರಲ್ಲಿ ಸರ್ಕಾರ ಇದನ್ನು ಸಮುದಾಯ ಮೀಸಲು ಪ್ರದೇಶವೆಂದು ಘೋಷಿಸಿತು. ಸಮುದಾಯ ಆ ಕೆಲಸವನ್ನು ಯಾರೂ ಘೋಷಿಸುವ ಮುಂಚಿನಿಂದಲೇ ಮಾಡಿಕೊಂಡು ಬಂದಿತ್ತು.

ನಾನು ಮೊದಲ ಸಲ ಹೋದದ್ದು ಆಗಸ್ಟ್‌ನಲ್ಲಿ, ದಡ್ಡನ ಹಾಗೆ. ಬರಿಯ ಮರಗಳನ್ನು ನೋಡುತ್ತಾ ನಿಂತಿದ್ದಾಗ ಜಗಲಿಯ ಮೇಲಿದ್ದ ಅಜ್ಜಿಯೊಬ್ಬರು, "ಹೆಣ್ಣುಮಕ್ಕಳು ಬಾಣಂತನ ಮುಗಿಸಿಕೊಂಡು ಹೋದರಪ್ಪ. ಸಂಕ್ರಾಂತಿ ಕಳೆದ ಮೇಲೆ ಬಾ" ಎಂದರು. ಹಕ್ಕಿಗಳು ಹೆರಿಗೆಗೆ ತವರಿಗೆ ಬರುವ ಮಗಳಂದಿರು ಎಂಬುದು ಆ ಊರಿನ ಮಾತು. ಫೆಬ್ರುವರಿಯಲ್ಲಿ ಮತ್ತೆ ಹೋದೆ. ಗದ್ದಲದಲ್ಲಿ ನನ್ನ ಮಾತು ನನಗೇ ಕೇಳಿಸಲಿಲ್ಲ.

ಮದ್ದೂರಿನಲ್ಲಿ ವಡೆ ತಿನ್ನದವರು ಯಾರಿದ್ದಾರೆ? 1917ರಲ್ಲಿ ರೈಲು ನಿಲ್ದಾಣದಲ್ಲಿ ಹುಟ್ಟಿದ ತಿಂಡಿ ಅದು. ಮುರಿದಾಗ ಸದ್ದಾಗಬೇಕು, ಮೆತ್ತಗಿರುವುದನ್ನು ನಾನು ಮದ್ದೂರು ವಡೆ ಎಂದು ಒಪ್ಪುವುದಿಲ್ಲ. ಕೈಯ ಎಣ್ಣೆ ಒರೆಸಿಕೊಂಡು ಶಿವಪುರದ ಸತ್ಯಾಗ್ರಹ ಸೌಧಕ್ಕೂ ಒಂದು ಹೆಜ್ಜೆ ಹೋಗಿ. ಮೈಸೂರು ಸಂಸ್ಥಾನದಲ್ಲಿ ಕಾಂಗ್ರೆಸ್ ಧ್ವಜ ಹಾರಿಸಕೂಡದೆಂಬ ನಿಷೇಧವಿದ್ದಾಗ, 1938ರ ಏಪ್ರಿಲ್‌ನಲ್ಲಿ ಜನ ಅದನ್ನು ಹಾರಿಸಿದ್ದು ಇಲ್ಲಿಯೇ. ವಡೆಗೆ ಸಾಲು ನಿಲ್ಲುವವರಲ್ಲಿ ಎಷ್ಟು ಜನರಿಗೆ ಇದು ಗೊತ್ತೋ!

ಮಂಡ್ಯದ ಸುತ್ತ ಆಲೆಮನೆ ನಡೆಯುತ್ತಿದ್ದರೆ ಬಿಸಿ ಬೆಲ್ಲ ಕೇಳಿ, ಇಲ್ಲವಾದರೆ ಮುಂದೆ ಹೋಗಿ.

ಶ್ರೀರಂಗಪಟ್ಟಣದಲ್ಲಿ ದೇವಸ್ಥಾನ, ದರಿಯಾ ದೌಲತ್ ಎಲ್ಲರಿಗೂ ಗೊತ್ತು. ನಾನು ಕಾರು ನಿಲ್ಲಿಸುವುದು ವೆಲ್ಲೆಸ್ಲಿ ಸೇತುವೆಯ ಬಳಿ. ದಿವಾನ್ ಪೂರ್ಣಯ್ಯನವರ ಕಾಲದಲ್ಲಿ, 1804ರಲ್ಲಿ, ಕಲ್ಲಿನ ಕಂಬಗಳ ಮೇಲೆ ಕಲ್ಲಿನ ತೊಲೆ ಹೊದಿಸಿ ಕಾವೇರಿಗೆ ಅಡ್ಡಲಾಗಿ ಕಟ್ಟಿದ್ದು. ಸಂಜೆ ಐದೂವರೆಯ ಬಿಸಿಲು ಕಂಬಗಳ ನಡುವೆ ಓರೆಯಾಗಿ ಬಿದ್ದಾಗ ನೋಡಬೇಕು. ಅಲ್ಲಿಂದ ಮೈಸೂರಿಗೆ ಹದಿನೈದೇ ಕಿಲೊಮೀಟರ್. ಅಷ್ಟರಲ್ಲಿ ತಾಯಿಯ ಫೋನು ಬರುತ್ತದೆ, "ಎಲ್ಲಿದ್ದೀಯ?" ಎಂದು. ಸೇತುವೆ ಹತ್ತಿರ ಎಂದರೆ ಸಾಕು, "ಹಾಗಾದರೆ ಅನ್ನಕ್ಕೆ ಈಗಲೇ ಇಡುವುದಿಲ್ಲ" ಎಂದು ಫೋನು ಇಟ್ಟುಬಿಡುತ್ತಾರೆ.