ಹಬ್ಬಕ್ಕೆ ಬಂದ ಪುಸ್ತಕಗಳನ್ನೆಲ್ಲ ಓದುತ್ತೀರಾ?

ಕಾರವಾರದ ನಮ್ಮ ಮನೆಗೆ ಮೊದಲ ಸಲ ಬಂದವರ ಕಣ್ಣು ಕಿಟಕಿ ಪಕ್ಕದ ಕಪಾಟಿನ ಮೇಲೆ ಹೋಗುತ್ತದೆ. ಅದರ ಕೆಳಗಿನ ಎರಡು ಸಾಲು ದೀಪಾವಳಿ, ಕ್ರಿಸ್‌ಮಸ್, ಯುಗಾದಿ ಎಂದು ಯಾರಾದರೂ ತಂದುಕೊಟ್ಟ ಪುಸ್ತಕಗಳಿಗೇ ಮೀಸಲು. ಬಂದವರು ಒಂದನ್ನು ಎಳೆದು, ಒಳಪುಟದಲ್ಲಿ ಕೈಯಲ್ಲಿ ಬರೆದದ್ದನ್ನು ಓದಿ, ಮತ್ತೆ ಅಲ್ಲಿಯೇ ಸೇರಿಸಿ ಕೇಳುತ್ತಾರೆ: ‘ಹಬ್ಬಕ್ಕೆ ಬಂದ ಪುಸ್ತಕಗಳನ್ನೆಲ್ಲ ನಿಜವಾಗಿಯೂ ಓದುತ್ತೀರಾ?’ ಕಚೇರಿಯಲ್ಲಿ ಕೇಳುತ್ತಾರೆ, ಮದುವೆಮನೆಯ ಊಟದ ಪಂಕ್ತಿಯಲ್ಲಿಯೂ ಕೇಳಿದ್ದಾರೆ.

ಓದುತ್ತೇನೆ. ನಾನೇ ದುಡ್ಡು ಕೊಟ್ಟು ತಂದ ಪುಸ್ತಕವನ್ನು ನಡುವೆ ಕೈಬಿಟ್ಟದ್ದುಂಟು. ಬೇರೆಯವರು ಕೈಗಿಟ್ಟದ್ದನ್ನು ಬಿಟ್ಟದ್ದಿಲ್ಲ. ಹೀಗೇಕೆ ಎಂದು ಹೇಳಬೇಕಾದರೆ ಅಡಿಕೆ ಸುಲಿಯುವ ರಾತ್ರಿಗಳಿಂದ ಶುರು ಮಾಡಬೇಕು.

ನನ್ನ ತವರು ಶಿರಸಿ ತಾಲ್ಲೂಕಿನ ತೋಟದ ಮನೆ. ನಮ್ಮಲ್ಲಿ ದೀಪಾವಳಿಗೆ ದೊಡ್ಡಹಬ್ಬ ಎಂದೇ ಹೆಸರು. ಮುಂಬಯಿಯಲ್ಲಿದ್ದ ಸೋದರಮಾವ ದೊಡ್ಡಹಬ್ಬಕ್ಕೆ ಬರುವಾಗ ಅಣ್ಣನಿಗೆ ಪಟಾಕಿ ತಂದರೆ ನನಗೆ ಪುಸ್ತಕ ತರುತ್ತಿದ್ದ. 1985ರಲ್ಲಿ ನಾನು ಐದನೆಯ ತರಗತಿ. ಆ ವರ್ಷ ಬಂದದ್ದು ಯಶವಂತ ಚಿತ್ತಾಲರ ಕಥೆಗಳ ಪುಸ್ತಕ. ಹತ್ತು ವರ್ಷದ ಹುಡುಗಿಗೆ ಯಾರೂ ಆರಿಸುವ ಪುಸ್ತಕವಲ್ಲ ಅದು, ಮಾವನಿಗೂ ಅದು ಗೊತ್ತಿತ್ತು. ಚಿತ್ತಾಲರು ಮುಂಬಯಿಯಲ್ಲಿ ಬದುಕುತ್ತಲೇ ತಮ್ಮೂರು ಹನೇಹಳ್ಳಿಗೆ ಕಥೆಗಳಲ್ಲಿ ಮತ್ತೆ ಮತ್ತೆ ಮರಳಿದವರು. ಅದೇ ಮುಂಬಯಿಯಲ್ಲಿ ಬಾಡಿಗೆ ಕೋಣೆಯಲ್ಲಿದ್ದ ಮಾವ ಅದನ್ನು ಓದಿ, ಮನಸ್ಸು ತಡೆಯದೆ, ತಾನು ಓದಿದ ಪ್ರತಿಯನ್ನೇ ಹೊತ್ತು ತಂದಿದ್ದ. ಮೊದಲ ಪುಟದಲ್ಲಿ ನೀಲಿ ಶಾಯಿಯಲ್ಲಿ ಬರೆದಿದ್ದ: ‘ಕೂಸಿಗೆ, ದೊಡ್ಡಹಬ್ಬಕ್ಕೆ. ಈಗ ತಿಳಿಯದಿದ್ದರೆ ಇಟ್ಟುಕೊಂಡಿರು.’

ಹಬ್ಬ ಮುಗಿಯುತ್ತಿದ್ದಂತೆ ಕೊನೆ ಕೊಯ್ಲು, ಅಂದರೆ ಅಡಿಕೆ ಗೊಂಚಲು ಇಳಿಸುವ ಕೆಲಸ, ಶುರುವಾಗುತ್ತದೆ. ಕೊನೆ ಕೊಯ್ಯುವ ಕೊನೆಗೌಡ ಮರದಿಂದ ಮರಕ್ಕೆ ದಾಟಿ ಹಗಲೆಲ್ಲ ಇಳಿಸಿದ ಹಸಿ ಅಡಿಕೆಯನ್ನು ಹೆಚ್ಚು ದಿನ ಇಡುವಂತಿಲ್ಲ. ಕೆಂಪಡಿಕೆ ಮಾಡಬೇಕಾದರೆ ಬೇಗ ಸುಲಿದು ಬೇಯಿಸಬೇಕು. ಹಾಗಾಗಿ ರಾತ್ರಿ ಊಟವಾದ ಮೇಲೆ ಮನೆಯವರು, ಅಕ್ಕಪಕ್ಕದವರು, ಕೆಲಸಕ್ಕೆ ಬಂದವರು ಎಲ್ಲರೂ ಗ್ಯಾಸ್‌ಲೈಟಿನ ಬೆಳಕಿನಲ್ಲಿ ಮೆಟ್ಟುಗತ್ತಿ ಇಟ್ಟುಕೊಂಡು ಸಾಲಾಗಿ ಕುಳಿತುಕೊಳ್ಳುತ್ತಿದ್ದರು. ಕೈ ಕೆಲಸದಲ್ಲಿ, ಬಾಯಿ ಮಾತಿನಲ್ಲಿ. ಯಕ್ಷಗಾನದ ಪದ್ಯ ಹೇಳುವವರಿದ್ದರು, ನೆಂಟರ ಮನೆಯ ಸುದ್ದಿ ತರುವವರಿದ್ದರು. ಮೆಟ್ಟುಗತ್ತಿಯ ಹತ್ತಿರ ನನ್ನನ್ನು ಬಿಡುತ್ತಿರಲಿಲ್ಲ. ಒಂದು ದಿನ ಅಜ್ಜ, ‘ಸುಮ್ಮನೆ ಕುಳಿತು ತೂಕಡಿಸುವ ಬದಲು ಆ ಮಾವ ಕೊಟ್ಟ ಪುಸ್ತಕವನ್ನಾದರೂ ಓದಿ ಹೇಳು ಕೂಸೇ’ ಎಂದರು.

ಹಸಿ ಅಡಿಕೆ ಸುಲಿದ ಕೈಗೆ ಕರೆ ಹಿಡಿಯುತ್ತದೆ. ಎಷ್ಟು ಸೋಪು ಹಾಕಿ ತಿಕ್ಕಿದರೂ ಸುಗ್ಗಿ ಮುಗಿಯುವ ತನಕ ಅದು ಹೋಗುವುದಿಲ್ಲ. ಅಷ್ಟು ಜನರಲ್ಲಿ ಪುಟ ತಿರುಗಿಸುವಂಥ ಶುದ್ಧ ಕೈ ಇದ್ದದ್ದು ನನ್ನೊಬ್ಬಳದೇ. ನನಗೆ ಅರ್ಧ ಅರ್ಥವಾಗುತ್ತಿರಲಿಲ್ಲ. ನಾನು ಅಕ್ಷರ ಓದುತ್ತಿದ್ದೆ, ಅರ್ಥವನ್ನು ಅವರು ಹೇಳುತ್ತಿದ್ದರು. ಒಂದು ಮಾತು ಬಂದರೆ ಆಯಿ ‘ತಡಿ, ಮತ್ತೊಮ್ಮೆ ಓದು’ ಎನ್ನುತ್ತಿದ್ದಳು. ಆ ಪಾತ್ರ ಹಾಗೆ ಮಾಡಿದ್ದು ಸರಿಯೋ ತಪ್ಪೋ ಎಂದು ಅಪ್ಪನಿಗೂ ಅಜ್ಜನಿಗೂ ಚರ್ಚೆ ಹತ್ತಿಕೊಳ್ಳುತ್ತಿತ್ತು. ನಾನು ಬೆರಳನ್ನು ಸಾಲಿನ ಮೇಲಿಟ್ಟುಕೊಂಡು ಚರ್ಚೆ ಮುಗಿಯಲೆಂದು ಕಾಯುತ್ತಿದ್ದೆ.

ನಮ್ಮ ದೊಡ್ಡಮ್ಮ ಘಟ್ಟದ ಕೆಳಗಿನವಳು, ಗೋಕರ್ಣದ ಕಡೆಯಿಂದ ಮದುವೆಯಾಗಿ ಬಂದವಳು. ದೇವಿಮನೆ ಘಟ್ಟ ಹತ್ತಿ ಬಂದ ಮೇಲೆ ತವರಿಗೆ ಹೋಗುವುದು ವರ್ಷಕ್ಕೊಮ್ಮೆಯಾದರೆ ಹೆಚ್ಚು. ಒಂದು ರಾತ್ರಿ ಓದುತ್ತಿದ್ದಾಗ ಹನೇಹಳ್ಳಿಯ ಹೆಸರು ಬಂತು. ದೊಡ್ಡಮ್ಮ ಕೈಯಲ್ಲಿದ್ದ ಅಡಿಕೆಯನ್ನು ಬುಟ್ಟಿಗೆ ಹಾಕಿ ಎದ್ದು ಬಂದಳು. ‘ಎಲ್ಲಿದೆ? ಹನೇಹಳ್ಳಿ ಎಂದು ಎಲ್ಲಿ ಬರೆದಿದೆ, ತೋರಿಸು’ ಎಂದಳು. ನಾನು ತೋರಿಸಿದೆ. ಅವಳು ಓದಿದ್ದು ಎರಡನೆಯ ತರಗತಿ. ಬಾಗಿ, ಹೆಬ್ಬೆರಳನ್ನು ಆ ಅಕ್ಷರಗಳ ಕೆಳಗೆ ಒತ್ತಿ, ಒಂದೊಂದನ್ನೇ ಕೂಡಿಸಿ ಓದಿದಳು. ‘ನಮ್ಮನೆಯಿಂದ ನಡೆದು ಹೋಗುವಷ್ಟೇ ದೂರ’ ಎಂದು ಎಲ್ಲರ ಮುಖ ನೋಡಿ ಹೇಳಿದಳು. ತನ್ನ ನೆರೆಯ ಊರಿನ ಹೆಸರು ಅಚ್ಚಿನಲ್ಲಿ ಇರಬಹುದು ಎಂದು ಅವಳಿಗೆ ಅಲ್ಲಿಯವರೆಗೆ ಗೊತ್ತಿರಲಿಲ್ಲ. ಹೆಬ್ಬೆರಳಿನ ಕರೆ ಆ ಪುಟದ ಅಂಚಿನಲ್ಲಿ ಕಂದು ಬಣ್ಣದಲ್ಲಿ ಹಾಗೆಯೇ ಉಳಿದಿದೆ. ಬೆರಳಿನ ಗೆರೆಗಳೂ ಕಾಣುತ್ತವೆ.

ನಾನೇ ಅಂಗಡಿಗೆ ಹೋಗಿದ್ದರೆ ಬಣ್ಣದ ಚಿತ್ರಗಳಿರುವ ಪುಸ್ತಕವನ್ನು ಆರಿಸಿ ಒಂದೇ ಮಧ್ಯಾಹ್ನದಲ್ಲಿ ಒಬ್ಬಳೇ ಓದಿ ಮುಗಿಸುತ್ತಿದ್ದೆ. ಆ ಸುಗ್ಗಿಯ ಮೇಲೆ ನನಗೆ ಒಂದು ನಂಬಿಕೆ ಗಟ್ಟಿಯಾಯಿತು: ನನಗೆ ಬೇಕಾದದ್ದನ್ನು ನಾನು ಹೇಗೂ ಹುಡುಕಿಕೊಳ್ಳುತ್ತೇನೆ. ಬೇಕು ಎಂದು ನನಗೇ ಗೊತ್ತಿಲ್ಲದ್ದನ್ನು ತರಬಲ್ಲವರು ಬೇರೆಯವರು ಮಾತ್ರ.

ಇದನ್ನು ಹೇಳಿದಾಗ ಕೆಲವರು ಸುಮ್ಮನೆ ತಲೆಯಾಡಿಸುತ್ತಾರೆ. ಬಾಲ್ಯದ ನೆನಪಿನ ಮಾತು ಎಂದುಕೊಳ್ಳುತ್ತಾರೋ ಏನೋ. ಅವರಿಗಾಗಿ ಮೀನಿನ ಪುಸ್ತಕದ ವಿಷಯ ಹೇಳುತ್ತೇನೆ.

ಪಕ್ಕದ ಮನೆಯ ಆಂಟಿ ನರ್ಸ್ ಆಗಿ ನಿವೃತ್ತರಾದವರು. ಕ್ರಿಸ್‌ಮಸ್ ದಿನ ನೆವರಿ, ದೋದೋಲ್ ಎಂಬ ಸಿಹಿತಿಂಡಿ ಇಟ್ಟ ತಟ್ಟೆಯ ಮೇಲೆ ಕಸೂತಿಯ ಬಟ್ಟೆ ಮುಚ್ಚಿ ತಂದುಕೊಡುತ್ತಾರೆ. ಆರು ವರ್ಷದ ಹಿಂದೆ ತಟ್ಟೆಯ ಜೊತೆಗೆ ಒಂದು ಪುಸ್ತಕವೂ ಬಂತು: ನಮ್ಮ ಕರಾವಳಿಯ ಮೀನುಗಳು ಮತ್ತು ಮೀನುಗಾರಿಕೆಯ ಬಗ್ಗೆ. ನಮ್ಮದು ಮೀನು ತಿನ್ನದ ಮನೆ. ಆಂಟಿಗೆ ಅದು ಚೆನ್ನಾಗಿಯೇ ಗೊತ್ತು. ‘ತಿನ್ನಲಿಕ್ಕೆ ಅಲ್ಲ, ತಿಳಿಯಲಿಕ್ಕೆ. ಇಷ್ಟು ವರ್ಷ ಈ ಊರಿನಲ್ಲಿದ್ದೀರಿ’ ಎಂದರು. ಆ ಮಾತು ನನಗೆ ನಾಟಿತು. ಇಪ್ಪತ್ತು ವರ್ಷ ಕಾರವಾರದಲ್ಲಿದ್ದು ಮೀನು ಮಾರುಕಟ್ಟೆಯನ್ನು ರಸ್ತೆಯ ಆಚೆ ಬದಿಯಿಂದಷ್ಟೇ ನೋಡಿದ್ದೆ.

ಆ ಪುಸ್ತಕ ಓದಿದ ಮೇಲೆಯೇ ನನಗೆ ಮಳೆಗಾಲದ ಕಡಲು ಅರ್ಥವಾದದ್ದು. ಮುಂಗಾರಿನ ತಿಂಗಳುಗಳಲ್ಲಿ ನಮ್ಮ ಕರಾವಳಿಯಲ್ಲಿ ಆಳದ ತಣ್ಣನೆಯ ನೀರು ಮೇಲಕ್ಕೆ ಬರುತ್ತದೆ. ಅದರ ಜೊತೆಗೆ ಬಂದ ಸತ್ವದಿಂದ ಬರಿಗಣ್ಣಿಗೆ ಕಾಣದ ಸಸ್ಯಗಳು ನೀರಿನಲ್ಲಿ ಹುಲುಸಾಗಿ ಬೆಳೆಯುತ್ತವೆ. ಅವನ್ನು ತಿನ್ನಲು ತಾರ್ಲೆ, ಬಂಗಡೆಗಳ ಹಿಂಡು ದಡದ ಕಡೆಗೆ ಬರುತ್ತದೆ. ಹಲವು ಜಾತಿಯ ಮೀನುಗಳು ಮೊಟ್ಟೆ ಇಡುವುದೂ ಈ ಹೊತ್ತಿನಲ್ಲಿಯೇ. ಯಾಂತ್ರಿಕ ದೋಣಿಗಳಿಗೆ ಜೂನ್ 1ರಿಂದ ಜುಲೈ 31ರವರೆಗೆ 61 ದಿನ ನಿಷೇಧ ಇರುವುದು ಇದಕ್ಕಾಗಿ. ಬೈತಕೋಲ ಬಂದರಿನಲ್ಲಿ ದೋಣಿಗಳು ಒತ್ತಾಗಿ ನಿಂತದ್ದನ್ನು ಪ್ರತಿ ಮಳೆಗಾಲ ನೋಡಿದ್ದೆ, ಗಾಳಿಮಳೆಗೆ ಹೆದರಿ ನಿಲ್ಲಿಸಿದ್ದಾರೆ ಎಂದಷ್ಟೇ ತಿಳಿದಿದ್ದೆ. ರಂಪಣಿಯ ಅಧ್ಯಾಯವನ್ನಂತೂ ಎರಡು ಸಲ ಓದಿದೆ. ದಡದಲ್ಲಿ ನಿಂತು ಹತ್ತಾರು ಜನ ಎರಡೂ ಕಡೆಯಿಂದ ಎಳೆಯುವ ಆ ದೊಡ್ಡ ಬಲೆ ಊರೊಟ್ಟಿನ ದುಡಿಮೆ, ಹಿಡಿದ ಮೀನಿನಲ್ಲಿ ಎಲ್ಲರಿಗೂ ಪಾಲು. 1970ರ ದಶಕದಲ್ಲಿ, ಕಡಲಿನಲ್ಲಿಯೇ ಮೀನಿನ ಹಿಂಡನ್ನು ಬಲೆಯಿಂದ ಸುತ್ತುವರಿದು ಹಿಡಿಯುವ ಪರ್ಸೀನ್ ಬೋಟುಗಳು ಬಂದ ಮೇಲೆ ರಂಪಣಿ ಹಿಂದೆ ಸರಿಯಿತು. ನಮ್ಮ ಕಚೇರಿಯ ಜವಾನರ ತಂದೆ ರಂಪಣಿ ಎಳೆದವರು ಎಂದು ನನಗೆ ಗೊತ್ತಾದದ್ದೂ ಈ ಪುಸ್ತಕದ ಮಾತು ತೆಗೆದ ಮೇಲೆಯೇ. ಈಗ ಮಾರುಕಟ್ಟೆಯ ಒಳಗೆ ಹೋಗಿ ನಿಲ್ಲುತ್ತೇನೆ. ಮೀನು ಮಾರುವ ಬಾಯಿಯವರು ನನಗೆ ಇಸ್ವಾಣ, ಶೆಟ್ಲಿ, ನೋಗ್ಲಿ ಎಂದು ಎತ್ತಿ ತೋರಿಸಿ ಹೆಸರು ಹೇಳುತ್ತಾರೆ, ನಾನು ಏನನ್ನೂ ಕೊಳ್ಳುವುದಿಲ್ಲ ಎಂದು ಗೊತ್ತಿದ್ದೂ.

ಪುಸ್ತಕಗಳನ್ನೇ ಹಬ್ಬ ಮಾಡಿಕೊಂಡ ದೇಶವೊಂದಿದೆ, ಐಸ್‌ಲ್ಯಾಂಡ್. ಅಲ್ಲಿಯ ಜನಸಂಖ್ಯೆ ನಾಲ್ಕು ಲಕ್ಷದೊಳಗೆ. 2011ರ ಜನಗಣತಿಯಂತೆ ನಮ್ಮ ಉತ್ತರ ಕನ್ನಡ ಜಿಲ್ಲೆಯಲ್ಲಿಯೇ 14 ಲಕ್ಷಕ್ಕೂ ಹೆಚ್ಚು ಜನರಿದ್ದೇವೆ. ಎರಡನೆಯ ಮಹಾಯುದ್ಧದ ಕಾಲದಲ್ಲಿ ಅಲ್ಲಿ ಹೊರಗಿನಿಂದ ಬರುವ ಸಾಮಾನಿಗೆಲ್ಲ ಕಟ್ಟುಪಾಡು ಇದ್ದಾಗ ಕಾಗದದ ಮೇಲೆ ಅಷ್ಟು ಬಿಗಿ ಇರಲಿಲ್ಲ. ಕೊಡುವುದಕ್ಕೆ ಬೇರೇನೂ ಸಿಗದೆ ಜನ ಪುಸ್ತಕ ಕೊಡತೊಡಗಿದರು. ಕೊರತೆ ಹೋಯಿತು, ರೂಢಿ ಉಳಿಯಿತು. ವರ್ಷದ ಕೊನೆಯಲ್ಲಿ ಹೊಸ ಪುಸ್ತಕಗಳ ಪಟ್ಟಿ ಹೊರಬರುತ್ತದೆ. ಡಿಸೆಂಬರ್ 24ರ ರಾತ್ರಿ ಉಡುಗೊರೆ ಬಿಚ್ಚಿ ಓದಲು ಕೂರುತ್ತಾರೆ. ಅದನ್ನು ಅವರು ಕರೆಯುವ ಹೆಸರಿಗೆ ಕ್ರಿಸ್‌ಮಸ್‌ನ ಪುಸ್ತಕ ಪ್ರವಾಹ ಎಂದರ್ಥ. ಇದನ್ನು ಕೇಳಿದಾಗ ನನಗೆ ಹಿಡಿಸಿದ್ದು ಆ ರಾತ್ರಿಯ ಮಾತು. ಕೊಟ್ಟವರೂ ಪಡೆದವರೂ ಒಂದೇ ಸೂರಿನ ಕೆಳಗೆ ಅಂದೇ ಓದಲು ಕೂರುತ್ತಾರಲ್ಲ, ನಮ್ಮ ಸುಲಿತದ ರಾತ್ರಿಗಳ ಹಾಗೆ.

ನಮ್ಮ ಕಡೆ ಅಂದೇ ಓದುವುದು ಕಷ್ಟ. ಹಬ್ಬದ ಬೆನ್ನಿಗೆ ಸುಗ್ಗಿ, ಆಮೇಲೆ ಮದುವೆ, ಉಪನಯನ, ಜಾತ್ರೆ, ಯಕ್ಷಗಾನ. ತೋಟ ಬಿಟ್ಟು ಬಂದು ಇಷ್ಟು ವರ್ಷವಾದರೂ ನನ್ನ ಓದಿನ ಕಾಲ ಜೂನ್‌ನಿಂದಲೇ. ಕತ್ತಲೆ ಬೇಗ ಕವಿದು, ಹಂಚಿನ ಮೇಲೆ ಮಳೆ ಹಿಡಿದುಕೊಂಡು, ಹೊರಗೆ ಹೋಗುವ ಮಾತೇ ಇಲ್ಲದ ಸಂಜೆಗಳು ನಮಗೆ ಸಾಕಷ್ಟು ಸಿಗುತ್ತವೆ. ತೊಂದರೆಯೆಂದರೆ ಪುಸ್ತಕಕ್ಕೆ ಬೂಸ್ಟು ಹಿಡಿಯುವುದೂ ಅದೇ ತಿಂಗಳುಗಳಲ್ಲಿ. ಕಪಾಟನ್ನು ಗೋಡೆಗೆ ತಾಗಿಸದೆ ಒಂದು ಗೇಣು ಬಿಟ್ಟು ಇಟ್ಟಿದ್ದೇನೆ. ಪುಸ್ತಕಗಳನ್ನು ಬಿಗಿಯಾಗಿ ತುಂಬುವುದಿಲ್ಲ. ಸಾಲಿನ ಹಿಂದೆ ಬಜೆಯ ಬೇರನ್ನು ಬಟ್ಟೆಯಲ್ಲಿ ಕಟ್ಟಿ ಇಡುತ್ತೇನೆ, ಹಿಂದಿನವರು ತಾಳೆಗರಿಯ ಕಟ್ಟುಗಳಿಗೆ ಇಡುತ್ತಿದ್ದಂತೆ. ಎಲ್ಲಕ್ಕಿಂತ ದೊಡ್ಡ ಉಪಾಯ, ಪುಸ್ತಕವನ್ನು ತೆರೆದು ಓದುವುದು. ಕೈಯಾಡುವ ಪುಸ್ತಕಕ್ಕೆ ಬೂಸ್ಟು ಹಿಡಿದದ್ದನ್ನು ನಾನು ಕಂಡಿಲ್ಲ.

‘ಹಾಗಾದರೆ ದುಡ್ಡನ್ನೇ ಕೊಟ್ಟರೆ ಆಗುವುದಿಲ್ಲವೇ, ಬೇಕಾದ್ದನ್ನು ನೀವೇ ತರಿಸಿಕೊಳ್ಳಬಹುದಲ್ಲ?’ ಎಂದು ತಂಗಿಯ ಮಗ ಪ್ರತಿ ವರ್ಷ ಕೇಳುತ್ತಾನೆ. ಬೇಡ ಎನ್ನುತ್ತೇನೆ. ಅವನು ಎಂಜಿನಿಯರ್, ಸೇತುವೆಗಳ ಕೆಲಸದಲ್ಲಿರುವವನು. ಅವನ ತಲೆಯಲ್ಲಿ ಏನಿದೆ ಎಂದು ತಿಳಿಯಲು ನನಗೆ ಅವನು ಓದಿದ ಪುಸ್ತಕವೇ ಬೇಕು.

ಸಭೆಗಳಲ್ಲಿ ಕೊಡುವ ಪುಸ್ತಕಗಳ ಬಗ್ಗೆಯೂ ಒಂದು ಮಾತು. 2023ರ ಮೇ ತಿಂಗಳಲ್ಲಿ ಮುಖ್ಯಮಂತ್ರಿಯಾದಾಗ ಸಿದ್ದರಾಮಯ್ಯನವರು ಹಾರ, ಶಾಲು ಬೇಡ, ಕೊಡುವುದಾದರೆ ಪುಸ್ತಕ ಕೊಡಿ ಎಂದರು. ನನಗೆ ತುಂಬ ಸಂತೋಷವಾಯಿತು. ಬಾಡುವ ಹಾರಕ್ಕಿಂತ ಪುಸ್ತಕ ಸಾವಿರ ಪಾಲು ಮೇಲು. ಆದರೆ ಕಾರ್ಯಕ್ರಮಗಳಲ್ಲಿ ನೋಡುತ್ತೇನೆ: ಹತ್ತು ಅತಿಥಿಗಳಿಗೆ ಒಂದೇ ಪುಸ್ತಕದ ಹತ್ತು ಪ್ರತಿ, ಮೇಲೆ ಪ್ಲಾಸ್ಟಿಕ್ ಹೊದಿಕೆ, ಫೋಟೊ ತೆಗೆದ ಮೇಲೆ ಅದು ಕಾರಿನ ಹಿಂದಿನ ಸೀಟಿಗೆ. ಕೊಟ್ಟವರಿಗೆ ಅದರಲ್ಲೇನಿದೆ ಎಂದು ಗೊತ್ತಿಲ್ಲ, ಪಡೆದವರಿಗೆ ಯಾರು ಆರಿಸಿದರು ಎಂದು ಗೊತ್ತಿಲ್ಲ. ಅಂಥ ಪುಸ್ತಕ ನನಗೆ ಬಂದರೂ ಓದುತ್ತೇನೆ. ಆದರೆ ಓದುವಾಗ ಜೊತೆಗೆ ಯಾರೂ ಇರುವುದಿಲ್ಲ. ಎರಡೆರಡು ಪ್ರತಿ ಬಂದರೆ ಒಂದನ್ನು ಊರಿನ ಶಾಲೆಗೆ ಕೊಡುತ್ತೇನೆ, ಯಾವ ಸಂಕೋಚವೂ ಇಲ್ಲದೆ.

ಆದ್ದರಿಂದ, ನಿಮಗೆ ಏನು ಕೊಡಲಿ ಎಂದು ಕೇಳುವವರಿಗೆ ಎರಡು ಬೇಡಿಕೆ ಇಡುತ್ತೇನೆ. ನೀವು ಓದಿದ್ದನ್ನು ಕೊಡಿ, ಹಳೆಯ ಪ್ರತಿಯಾದರೂ ಸರಿ, ನೀವು ಪೆನ್ಸಿಲ್ಲಿನಲ್ಲಿ ಗೆರೆ ಎಳೆದದ್ದಾದರೆ ಇನ್ನೂ ಒಳ್ಳೆಯದು. ಒಳಪುಟದಲ್ಲಿ ನಿಮ್ಮ ಕೈಯಿಂದ ನಾಲ್ಕು ಅಕ್ಷರ ಬರೆಯಿರಿ. ಪುಸ್ತಕ ಹಾಳಾಗುತ್ತದೆ ಎಂದು ಹಿಂಜರಿಯುತ್ತಾರೆ ಕೆಲವರು. ಮಾವ ತೀರಿಕೊಂಡು ಹನ್ನೊಂದು ವರ್ಷವಾಯಿತು. ಅವನ ಕೈಬರಹ ನನ್ನಲ್ಲಿ ಉಳಿದಿರುವುದು ಪುಸ್ತಕಗಳ ಒಳಪುಟಗಳಲ್ಲಿ ಮಾತ್ರ.

ಈ ಸಲದ ಹಬ್ಬಗಳಿಗೆ ಐದು ಪುಸ್ತಕ ಬಂದಿವೆ. ಅಣ್ಣನ ಮಗಳು ಕೊಟ್ಟ ಕವನ ಸಂಕಲನವನ್ನು ಶಿರಸಿಯಿಂದ ಬರುವಾಗ ಬಸ್ಸಿನಲ್ಲಿಯೇ ಓದಿದೆ. ಆಂಟಿ ಕೊಟ್ಟದ್ದು ದಾದಿಯೊಬ್ಬರ ಆತ್ಮಕಥೆ, ಅದರ ಬಗ್ಗೆ ನಾವಿಬ್ಬರೂ ಕಾಂಪೌಂಡಿನ ಎರಡು ಬದಿಗೆ ನಿಂತು ಮೂರು ಸಂಜೆ ಮಾತನಾಡಿದ್ದೇವೆ. ಇನ್ನೆರಡು ಅರ್ಧರ್ಧ ಆಗಿವೆ. ಉಳಿದದ್ದು ತಂಗಿಯ ಮಗ ಕೊನೆಗೂ ತಂದುಕೊಟ್ಟ ಪುಸ್ತಕ: ಸೇತುವೆಗಳು ಹೇಗೆ ನಿಲ್ಲುತ್ತವೆ, ಹೇಗೆ ಬೀಳುತ್ತವೆ ಎಂಬುದರ ಬಗ್ಗೆ, ನಾನೂರಕ್ಕೂ ಹೆಚ್ಚು ಪುಟ, ನಡುನಡುವೆ ಲೆಕ್ಕ. ಅವನು ಹದಿನಾರು ಕಡೆ ಪೆನ್ಸಿಲ್ ಗುರುತು ಹಾಕಿದ್ದಾನೆ, ಎಣಿಸಿದ್ದೇನೆ. ಅದನ್ನು ಜೂನ್‌ಗೆ ಎತ್ತಿಟ್ಟಿದ್ದೇನೆ. ಆಷಾಢದಲ್ಲಿ ಒಮ್ಮೆ ಫೋನು ಮಾಡು ಎಂದು ಅವನಿಗೆ ಹೇಳಿದ್ದೇನೆ, ಆ ಹೊತ್ತಿಗೆ ಕೇಳುವುದಕ್ಕೆ ನನ್ನಲ್ಲಿ ಬೇಕಾದಷ್ಟು ಪ್ರಶ್ನೆಗಳಿರುತ್ತವೆ.