ಉಳಿದ ಕರೆಂಟು ಯಾರದ್ದು? ಎರಡನೇ ತಿಂಗಳ ಟಿಪ್ಪಣಿ

ಕಾಸರಗೋಡಿನ ಪೆರ್ಲದ ನಮ್ಮ ತೋಟದಲ್ಲಿ ಸುರಂಗದ (ನೀರಿಗಾಗಿ ಗುಡ್ಡಕ್ಕೆ ಅಡ್ಡ ಕೊರೆದದ್ದು) ನೀರು ಬಂದು ಬೀಳುವ ಟಾಂಕಿಗೆ ಒಂದು ಸೆನ್ಸರ್ ಇಟ್ಟಿದ್ದೇನೆ. ಅದರ ಲೆಕ್ಕ ಮೊದಲು ಬಾಡಿಗೆಯ ಕ್ಲೌಡ್ ಸರ್ವರಿಗೆ, ಅಂದರೆ ಕಂಪನಿಯೊಂದರ ದೂರದ ಕಂಪ್ಯೂಟರಿಗೆ, ಹೋಗುತ್ತಿತ್ತು. ಕೋಡ್ ತಿದ್ದಿ ಸಿಪಿಯು (ಕಂಪ್ಯೂಟರಿನ ಲೆಕ್ಕ ಮಾಡುವ ಭಾಗ) ಬಳಕೆಯನ್ನು ಶೇ. 40ರಿಂದ 5ಕ್ಕೆ ಇಳಿಸಿದೆ. ಬಿಲ್ಲು ಒಂದು ರೂಪಾಯಿಯೂ ಇಳಿಯಲಿಲ್ಲ. ಬಾಡಿಗೆ ಗಂಟೆ ಲೆಕ್ಕದ್ದು ಅಲ್ವಾ! ಉಳಿದ ಕರೆಂಟು ಕಂಪನಿಗೆ ಹೋಯಿತು.

ಕಂಪನಿ ನಾನೇ ಆದರೆ ಹೇಗೆ ಹಂಚುತ್ತಿದ್ದೆ? ಅಟ್ಟದ ಹಳೇ ಡೆಸ್ಕ್‌ಟಾಪ್ ಇಳಿಸಿ ಮೂರು ವರ್ಚುವಲ್ ಮೆಷಿನ್ (ಒಂದೇ ಯಂತ್ರದೊಳಗೆ ಬೇರೆ ಬೇರೆ ಕಂಪ್ಯೂಟರಿನ ಹಾಗೆ ಓಡುವವು) ಮಾಡಿದೆ. ಒಂದು ನನ್ನ ಸೆನ್ಸರಿಗೆ, ಒಂದು ಭಾವನ ಅಡಿಕೆ ಲೆಕ್ಕಕ್ಕೆ, ಇನ್ನೊಂದು ನೆರೆಮನೆ ಮಾಷ್ಟ್ರ ಯಕ್ಷಗಾನ ವಿಡಿಯೋಗಳನ್ನು ಸಣ್ಣದು ಮಾಡಲಿಕ್ಕೆ. ಪ್ಲಗ್ಗಿಗೊಂದು ವ್ಯಾಟ್ ಮೀಟರ್.

ಸುಮ್ನೆ ಇದ್ದಾಗ 38 ವ್ಯಾಟ್, ವಿಡಿಯೋ ಓಡುವಾಗ 92. ಸರ್ವರ್ ಸುಮ್ನಿದ್ದರೂ ಪೂರ್ತಿ ದುಡಿಯುವಾಗಿನ ಸುಮಾರು ಅರ್ಧ ಕರೆಂಟು ತಿನ್ನುತ್ತದೆ ಎಂದು ಗೂಗಲ್‌ನ ಬರೋಸೊ ಮತ್ತು ಹೋಲ್ಜ್ಲೆ 2007ರಲ್ಲೇ ಬರೆದಿದ್ದರು. ನನ್ನ ಡಬ್ಬವೂ ಅದೇ ಜಾತಿ.

ಮೂರಕ್ಕೂ ಬೇರೆ ಬೇರೆ ಮೀಟರ್ ಇಡಲಾಗದು. ಹಾಗಾಗಿ ಮೊದಲು ಎಲ್ಲವನ್ನೂ ಸಿಪಿಯು ಓಡಿದ ಸಮಯದ ಮೇಲೆ ಹಂಚಿದೆ. ಹೆಚ್ಚುಕಮ್ಮಿ ಪೂರ್ತಿ ಮಾಷ್ಟ್ರ ತಲೆಗೇ ಬಂತು. "ನೀವು ಸುಮ್ನೆ ಆನ್ ಇಟ್ಟದ್ದಕ್ಕೂ ನಾನು ಕೊಡುವುದಾ?" ಎಂದರು. ನ್ಯಾಯವೇ. ಈಗ 38 ವ್ಯಾಟ್ ಮೂವರಿಗೂ ಸಮ, ಅದರ ಮೇಲಿನದ್ದು ಮಾತ್ರ ಸಿಪಿಯು ಲೆಕ್ಕ.

ಅವರು ದಿನಕ್ಕೆ 3 ಗಂಟೆ ಓಟ ಕಡಿಮೆ ಮಾಡಿದರು. 60 ದಿನಕ್ಕೆ 9.7 ಯೂನಿಟ್ ಉಳಿಯಿತು, ಅದು ಪೂರ್ತಿ ಅವರಿಗೆ.

ತಲೆಬಿಸಿ ಇರುವುದು ರಾತ್ರಿಯದ್ದರಲ್ಲಿ. 11ರಿಂದ 5ರವರೆಗೆ ಯಂತ್ರ ಆಫ್ ಮಾಡಿದರೆ 60 ದಿನಕ್ಕೆ 13.7 ಯೂನಿಟ್ ಉಳಿತಾಯ. (ಮಳೆಗೆ ಕರೆಂಟು ಹೋದ ಗಂಟೆಗಳನ್ನು ಕಳೆದಿಲ್ಲ.) ಒಬ್ಬ ಒಪ್ಪದಿದ್ದರೂ ಆಫ್ ಮಾಡುವ ಹಾಗಿಲ್ಲ. ಭಾವ ತನ್ನ ಬ್ಯಾಕಪ್ಪನ್ನು ಬೆಳಗ್ಗೆಗೆ ಹಾಕಿದರು, ಸೆನ್ಸರ್ ರಾತ್ರಿಯ ಲೆಕ್ಕ ತನ್ನಲ್ಲೇ ಇಟ್ಟುಕೊಳ್ಳುವಂತೆ ನಾನು ಮಾಡಿದೆ. ದೊಡ್ಡ ಡೇಟಾ ಸೆಂಟರಿನಲ್ಲಾದರೆ ಒಬ್ಬ ಗಿರಾಕಿ ಬಿಟ್ಟ ಜಾಗ ಇನ್ನೊಬ್ಬನಿಗೆ ಹೋಗುತ್ತದೆ, ಯಂತ್ರ ಓಡುತ್ತಲೇ ಇರುತ್ತದೆ. ಅಮೆಜಾನ್ 2009ರಿಂದ ಸ್ಪಾಟ್ ಹೆಸರಲ್ಲಿ ಖಾಲಿ ಸಾಮರ್ಥ್ಯವನ್ನು ಅಗ್ಗಕ್ಕೆ ಕೊಡುತ್ತಿದೆ, ಬೇಕಾದಾಗ ವಾಪಸ್ ಪಡೆಯುತ್ತದೆ. ಅಲ್ಲಿ ಗಿರಾಕಿಗೆ ರಿಯಾಯಿತಿ ಸಿಗುವುದು ಹೊಂದಿಕೊಂಡದ್ದಕ್ಕೆ, ಕರೆಂಟು ಉಳಿಸಿದ್ದಕ್ಕಲ್ಲ.

ನಾನು ಅರ್ಧ ನನಗೆ, ಉಳಿದರ್ಧ ಮೂವರಿಗೆ ಎಂದೆ. ಭಾವ ನಕ್ಕರು. "ಸ್ವಿಚ್ ಆಫ್ ಮಾಡಿದ್ದಕ್ಕೆ ನಿನಗೆ ಅರ್ಧವಾ? ಮೂರರಲ್ಲೊಂದು ಪಾಲೂ ನಿನ್ನದೇ ಅಲ್ಲವಾ ಮಾರಾಯ?"

ಅದು ನಿಜ. ಯಂತ್ರ ಇಟ್ಟವನಾಗಿ, ಬಳಸುವವನಾಗಿ ಎರಡೂ ಕಡೆ ನಾನೇ ಇದ್ದೇನೆ. ಮಾಷ್ಟ್ರಿಗೆ ಹಣ ಕೊಟ್ಟಾಯಿತು, ಈ 13.7 ಮಾತ್ರ ಇನ್ನೂ ಹಂಚಿಲ್ಲ.