ಎಡಿಟ್ ಮುಗೀತು, ಎಎಎಫ್ ಕೊಡೋ ಮುನ್ನ

ವಿಡಿಯೊ ಎಡಿಟ್ ಮಾಡುವ ಪ್ರೀಮಿಯರ್‌ನಿಂದ ಸೌಂಡ್ ಮಿಕ್ಸ್ ಮಾಡುವ ಪ್ರೊ ಟೂಲ್ಸ್‌ಗೆ ಆಡಿಯೊ ಕ್ಲಿಪ್‌ಗಳನ್ನು ಸಾಗಿಸುವಾಗ ಒಎಂಎಫ್ ಎಂಬ ಹಳೆಯ ಬಗೆಯ ಫೈಲು ಬಿಡಿ, ಎಎಎಫ್ ಕೊಡಿ. ಒಎಂಎಫ್ ಫೈಲು 2 ಜಿಬಿ ದಾಟುವಂತಿಲ್ಲ.

ಮೊದಲು ಸೀಕ್ವೆನ್ಸಿನ (ಎಡಿಟ್ ಮಾಡಿದ ಟೈಮ್‌ಲೈನ್) ಒಂದು ಕಾಪಿ ಮಾಡಿಕೊಂಡು ಅದರಲ್ಲೇ ಕೆಲಸ ಮಾಡಿ. ನೆಸ್ಟ್‌ಗಳನ್ನು (ಸೀಕ್ವೆನ್ಸಿನೊಳಗೆ ಸೇರಿಸಿದ ಸೀಕ್ವೆನ್ಸ್) ಬಿಚ್ಚಿ, ಬೇಡದ ಮ್ಯೂಟ್ ಕ್ಲಿಪ್ ಅಳಿಸಿ, ಡೈಲಾಗ್, ಎಫೆಕ್ಟ್ಸ್, ಮ್ಯೂಸಿಕ್ ಬೇರೆ ಬೇರೆ ಟ್ರ್ಯಾಕಿಗೆ ಹಾಕಿ. ಎಕ್ಸ್‌ಪೋರ್ಟ್‌ನಲ್ಲಿ 48 ಕಿಲೋಹರ್ಟ್ಸ್, 24 ಬಿಟ್, ಆಡಿಯೊ ಎಂಬೆಡ್ (ಎಎಎಫ್ ಫೈಲಿನೊಳಗೇ).

ಹ್ಯಾಂಡಲ್, ಅಂದರೆ ಕಟ್‌ನ ಆಚೆಗೂ ಉಳಿಸಿ ಕೊಡುವ ಆಡಿಯೊ, ಅದರ ವಿಷಯದಲ್ಲಿ ಜಿಪುಣತನ ಬೇಡವೇ ಬೇಡ. ಸೆಕೆಂಡಿಗೆ 24 ಫ್ರೇಮಿನಲ್ಲಿ 240 ಫ್ರೇಮ್ ಅಂದರೆ ಕ್ಲಿಪ್ಪಿನ ಎರಡೂ ತುದಿಗೆ 10 ಸೆಕೆಂಡ್. ಎರಡು ಮಾತಿನ ನಡುವಿನ ತೂತು ಮುಚ್ಚಲು ಸೌಂಡ್ ಮಿಕ್ಸ್ ಮಾಡುವವರು ರೂಮ್ ಟೋನ್ (ಯಾರೂ ಮಾತಾಡದಾಗ ಆ ಜಾಗದ ಸದ್ದು) ಹುಡುಕುವುದು ಅಲ್ಲೇ. ಹ್ಯಾಂಡಲ್ ಸೊನ್ನೆಯಾದರೆ ಕಟ್ ಇರುವಲ್ಲೆಲ್ಲ ಹಿನ್ನೆಲೆ ಸದ್ದು ಟಕ್ಕೆಂದು ನಿಲ್ಲುತ್ತದೆ, ಒಂದು ಕ್ಲಿಪ್ಪಿನ ಸದ್ದನ್ನು ಮುಂದಿನದರಲ್ಲಿ ಮೆಲ್ಲಗೆ ಬೆರೆಸುವ ಕ್ರಾಸ್‌ಫೇಡಿಗೂ ಜಾಗ ಸಿಗುವುದಿಲ್ಲ.

ಪ್ಲಗಿನ್ ಎಫೆಕ್ಟ್‌ಗಳು ಆಚೆ ದಾಟುತ್ತವೆ ಅಂತ ನಂಬಬೇಡಿ. ಬೇಕೇಬೇಕಾದದ್ದನ್ನು ರೆಂಡರ್ ಮಾಡಿ, ಮೂಲ ಕ್ಲಿಪ್ಪನ್ನೂ ಪಕ್ಕದ ಟ್ರ್ಯಾಕಿನಲ್ಲಿ ಇಡಿ.

ಜತೆಗೆ ಚಿತ್ರದ ಮೇಲೇ ಟೈಮ್‌ಕೋಡ್ (ಗಂಟೆ:ನಿಮಿಷ:ಸೆಕೆಂಡ್:ಫ್ರೇಮ್) ಅಚ್ಚಾದ ರೆಫರೆನ್ಸ್ ವಿಡಿಯೊ ಹೋಗಲೇಬೇಕು, ಅದರೊಳಗೆ ಗೈಡ್ ಮಿಕ್ಸ್ (ಎಡಿಟ್‌ನಲ್ಲಿದ್ದ ತಾತ್ಕಾಲಿಕ ಮಿಕ್ಸ್) ಸಹ. ಚಿತ್ರ 01:00:00:00ಕ್ಕೆ ಶುರುವಾದರೆ 00:59:58:00ರಲ್ಲಿ ಸಿಂಕ್ ನೋಡಲು ಒಂದೇ ಫ್ರೇಮಿನ ಬೀಪ್ ಹಾಕಿ.

ಪ್ರೊ ಟೂಲ್ಸ್‌ನಲ್ಲಿ ತೆರೆದಾಗ ಬೀಪ್ ಚಿತ್ರಕ್ಕೆ ಸರಿಯಾಗಿ ಕೂತು, ಕೊನೆಯ ಮಾತು ಜಾರಿದ್ದರೆ ಫ್ರೇಮ್ ರೇಟ್ ನೋಡಿ. 23.976 ಮತ್ತು 24 ಅದಲುಬದಲಾದರೆ ಗಂಟೆಗೆ ಸುಮಾರು 3.6 ಸೆಕೆಂಡ್ ವ್ಯತ್ಯಾಸ. ಕ್ಲಿಪ್‌ಗಳನ್ನು ಎಳೆದು ಕೂರಿಸಲು ಹೋಗಬೇಡಿ, ಮತ್ತೆ ಎಕ್ಸ್‌ಪೋರ್ಟ್ ಮಾಡಿ.